ಮುಚ್ಚಿದ ಬಾಗಿಲಿಗೊಂದು ಇಂಗ್ಲಿಷ್ ಪಾಠ

— ಬಾಯಿ ಮುಚ್ಚಿ ಅಂದ್ರೆ ಮುಚ್ರೀ! ಒಂದಕ್ಷರ ಕೇಳಿಸ್ತಿಲ್ಲ.

ಮಗಳ ಕೋಣೆಯ ಬಾಗಿಲಿಗೆ ಕಿವಿ ಅಂಟಿಸಿಕೊಂಡಿದ್ದ ಅಮ್ಮ ಗಂಡನನ್ನು ಗದರಿದರು. ಒಳಗಿದ್ದವರು ಮಗಳು ಮತ್ತು ಅವಳು ಮೆಚ್ಚಿದ ಹುಡುಗ. ಮದುವೆಯಾದ ಮೇಲೆ ಅವಳಿಗೆ ಅಪ್ಪನ ಮನೆಯ ಪಕ್ಕದಲ್ಲೇ ಮನೆ ಬೇಕು, ಅವನಿಗೆ ಊರಿನ ಆ ತುದಿಯಲ್ಲಿ. ಈ ಹಟದಲ್ಲಿ ಮದುವೆಯೇ ಮುರಿಯುವ ಹಾಗಾಗಿ, ಇವತ್ತು ಕೊನೆಯ ಮಾತುಕತೆ ನಡೆದಿತ್ತು.

— ನಾಚಿಕೆ ಆಗಲ್ವೇನೇ? ನೀನು ಮಾಡ್ತಿರೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಗೊತ್ತಾ? ಈವ್ಸ್‌ಡ್ರಾಪ್!

— ಏನಾದ್ರೂ ಅನ್ಲಿ, ಮೆಲ್ಲಗೆ ಅನ್ಲಿ.

ಮೆಲ್ಲಗೆ ಹೇಗೆ ಅಂದಾರು? ಮೂವತ್ತೆರಡು ವರ್ಷ ಇಂಗ್ಲಿಷ್ ಮೇಷ್ಟ್ರಾಗಿ ಕೊನೆಯ ಬೆಂಚನ್ನು ನಿದ್ದೆಯಿಂದ ಎಬ್ಬಿಸಿದ ಗಂಟಲದು.

— ಈವ್ಸ್ ಅಂದ್ರೆ ಸೂರಿನ ಅಂಚು. ಡ್ರಾಪ್ ಅಂದ್ರೆ ಹನಿ. ಸೂರಿನ ನೀರು ತೊಟ್ಟಿಕ್ಕೋ ಜಾಗಕ್ಕೇ ಮೊದಲು ಆ ಹೆಸರು.

— ನಮ್ಮದು ತಾರಸಿ ಮನೆ ಕಣ್ರೀ.

— ಮಧ್ಯೆ ಬಾಯಿ ಹಾಕ್ಬೇಡ! ಆ ಜಾಗದಲ್ಲಿ ನಿಂತು ಒಳಗಿನ ಮಾತು ಕದ್ದು ಕೇಳೋನು ಈವ್ಸ್‌ಡ್ರಾಪರ್. ಕ್ರಿಯಾಪದ ಹುಟ್ಟಿದ್ದು ಆಮೇಲೆ. ಎಷ್ಟು ಸೊಗಸು ನೋಡು, ಮೊದಲು ಜಾಗ, ಆಮೇಲೆ ಕಳ್ಳ, ಕೊನೆಗೆ ಕೆಲಸ!

— ಶ್! ಒಳಗೆ ಯಾರೋ 'ಸರಿ' ಅಂದ ಹಾಗಿತ್ತು...

— ಯಾವುದಕ್ಕೆ ಸರಿ ಅಂದ್ರು?

— ಅದು ನಿಮ್ಮ ಸೂರಿನ ನೀರಲ್ಲಿ ಕೊಚ್ಕೊಂಡು ಹೋಯ್ತು!

— ಹಿಂದೆ ಆ ದೇಶದಲ್ಲಿ ಇಂಥೋರನ್ನ ಕೋರ್ಟಿಗೆ ಎಳೆದು ದಂಡ ಹಾಕ್ತಿದ್ರು.

— ಹೆಂಡತಿ ತಲೆ ತಿನ್ನೋರಿಗೆ ಏನು ಹಾಕ್ತಿದ್ರಂತೆ?

ಅಮ್ಮ ಮತ್ತೆ ಕಿವಿಗೊಟ್ಟರು. ಒಳಗೆ ಪಿಟ್ಟೆನ್ನುವ ಸದ್ದಿಲ್ಲ. ಮುರಿದೇಹೋಯಿತೇ? ಅಷ್ಟರಲ್ಲಿ ಬಾಗಿಲು ತೆರೆಯಿತು. ಒರಗಿ ನಿಂತಿದ್ದ ಅಮ್ಮ ಮುಗ್ಗರಿಸಿ ಹುಡುಗನ ತೋಳಿಗೇ ಬಿದ್ದರು.

— ಏನಾಯ್ತೇ? ಮದುವೆ ಇದೆಯೋ ಇಲ್ವೋ?

— ಇದೆಯಮ್ಮಾ. ಮನೆ ಊರಿನ ಆ ತುದೀಲಿ. ನಾನೇ ಒಪ್ಕೊಂಡೆ.

— ಅಷ್ಟು ಹಟ ಹಿಡಿದಿದ್ದೋಳು! ಈ ಹುಡುಗ ಅದೇನು ಹೇಳಿ ಒಪ್ಪಿಸಿದನೇ?

— ಪಾಪ, ಏನೂ ಹೇಳ್ಲಿಲ್ಲ. ಹತ್ತು ನಿಮಿಷದಿಂದ ಸುಮ್ನೆ ಬಾಗಿಲ ಕಡೆ ಕೈ ತೋರಿಸ್ತಾ ಕೂತಿದ್ರು.

ಮೇಷ್ಟ್ರ ಮುಖ ಕೆಂಪಾಯಿತು.

— ಅಂದ್ರೆ, ಇಷ್ಟು ಹೊತ್ತೂ ನೀವಿಬ್ರು ನಮ್ಮ ಮಾತು ಕದ್ದು ಕೇಳ್ತಿದ್ರಾ?

— ಕದಿಯೋಕೆ ನೀವೆಲ್ಲಿ ಬಿಟ್ರಿ ಅಪ್ಪಾ? ಬೀದಿಗೆಲ್ಲಾ ಹಂಚ್ತಿದ್ರಲ್ಲ!