ಕಂಬಳಿ ಹೊದೆಯಲು ಬಾರದ ವೀರರಿಗೆ

ಮೂಡಲಗಿ, ೨೦೦೭ರ ಮಳೆಗಾಲ

ಮಾನ್ಯರೇ,

ಗಗನದಲ್ಲಿ ಸಂಚರಿಸುವವರೂ, ಒಂದೇ ಗುದ್ದಿಗೆ ಗೋಪುರ ಉರುಳಿಸುವವರೂ, ಜಪಾನ್ ದೇಶದ ಸಮಸ್ತ ಶಾಲಾಮಕ್ಕಳ ಆಶಾಕಿರಣವೂ ಆದ ತಮ್ಮ ಪಾದಗಳಿಗೆ, ಅವು ನೆಲದ ಮೇಲೆ ಇರುವ ಹೊತ್ತು ನೋಡಿಕೊಂಡು, ಕುರಿ ಕಾಯುವ ಬೀರಸಿದ್ದಪ್ಪನ ಮಗಳು ಶೈಲಾ ಮಾಡುವ ನಮಸ್ಕಾರಗಳು. ತಮ್ಮ ನಾಮಧೇಯಕ್ಕೆ ನಮ್ಮ ನಾಲಿಗೆ ಹೊರಳದ ಕಾರಣ, ಬೆನ್ನ ಹಿಂದೆ ಹಾರಾಡುವ ತಮ್ಮ ಬಟ್ಟೆ ನೋಡಿ, ಮನೆಯಲ್ಲಿ ತಮ್ಮನ್ನು ‘ಹಾರೋ ಕಂಬಳಿಯಪ್ಪ’ ಎಂದೇ ಕರೆಯುತ್ತಾರೆ. ಇದನ್ನು ಬಿರುದೆಂದು ತಿಳಿದು ಸ್ವೀಕರಿಸಬೇಕು.

ತಮ್ಮ ಹೊಸ ಚಿತ್ರಕಥಾಮಾಲೆಯ ಮೊದಲ ಪುಸ್ತಕವನ್ನು, ಗೋಕಾಕದ ಕಾಲೇಜಿಗೆ ಹೋಗುವ ನನ್ನ ತಮ್ಮ ಸಿದ್ರಾಯ ಪುಣೆಯ ಗೆಳೆಯನಿಂದ ತರಿಸಿಕೊಂಡ. ನನಗೆ ಅಷ್ಟಿಷ್ಟು ಇಂಗ್ಲಿಷ್ ಬರುವುದರಿಂದ ಅದನ್ನು ಕನ್ನಡ ಮಾಡಿ ಮನೆಮಂದಿಗೆ ಓದಿ ಹೇಳುವ ಭಾಗ್ಯ ನನ್ನದಾಯಿತು. ತಮ್ಮ ದೇಶದ ಪುಸ್ತಕ ಬಲದಿಂದ ಎಡಕ್ಕೆ ಓದತಕ್ಕದ್ದೆಂದು ನನಗೇನು ಗೊತ್ತು? ಎಲ್ಲ ಪುಸ್ತಕದಂತೆ ಇದನ್ನೂ ತೆರೆದೆ. ಮೊದಲ ಪುಟದಲ್ಲೇ ತಾವು ಗೆದ್ದು ನಿಂತಿದ್ದಿರಿ. ಆಮೇಲೆ ಸತ್ತ ರಾಕ್ಷಸ ಎದ್ದು ಕುಳಿತ, ಬಿದ್ದ ಕಟ್ಟಡಗಳು ತಾವಾಗಿಯೇ ನೆಟ್ಟಗಾದವು, ಕಟ್ಟಕಡೆಗೆ ತಾವು ಬೆನ್ನಿನ ಕಂಬಳಿ ಕಳೆದುಕೊಂಡು, ಶಾಲೆಯ ಬೆಂಚಿನ ಮೇಲೆ ಮೂಗು ಒರೆಸಿಕೊಳ್ಳುತ್ತ ಕುಳಿತಿರಿ.

ಚಿತ್ರ ನೋಡುತ್ತಿದ್ದ ನನ್ನ ತಾಯಿ ಕೆಂಪವ್ವನಿಗೆ ತಮ್ಮ ಮೇಲೆ ಎಲ್ಲಿಲ್ಲದ ಕನಿಕರ. “ಇಷ್ಟ ಮಳಿ ಹೊಡ್ಯಾಕತ್ತೈತಿ, ಕಂಬಳಿ ಹಿಂದ ಹಾರಾಕ ಬಿಟ್ಟಾನ. ತೆಲಿಮ್ಯಾಲ ಹೊಚ್ಚಿಕೊಳ್ಳಾಕ ಹೇಳಾವ್ರು ಯಾರೂ ಇಲ್ಲೇನ ಇವಗ?” ಎಂದಳು. ಅಪ್ಪ ಮಾತ್ರ ತಮ್ಮ ಕೊನೆಯ ಚಿತ್ರದ ಮೇಲೆ ಬೆರಳಿಟ್ಟು, ಸಿದ್ರಾಯನ ಮುಖ ನೋಡಿ, “ಕಂಬಳಿ ಬಿಟ್ಟ ಮಗಾ ಹೆಂಗ ಅಳಾಕತ್ತಾನ ನೋಡು” ಎಂದ.

ಇಲ್ಲಿ ತಮಗೊಂದು ವಿಷಯ ಅರಿಕೆ ಮಾಡಬೇಕು. ನಮ್ಮ ಮನೆಯಲ್ಲಿ ಅಜ್ಜನ ಕರಿಯ ಕಂಬಳಿಯೊಂದಿದೆ. ಅದು ಯಾರ ಹೆಗಲ ಮೇಲಿದೆಯೋ ಹಿಂಡು ಅವರ ಮಾತಿನಂತೆ ನಡೆಯಬೇಕು, ರಾತ್ರಿ ಯಾರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಬೇಕೆಂದು ಅವರೇ ಹೇಳಬೇಕು. ಅಪ್ಪ ಅದನ್ನು ಸಿದ್ರಾಯನಿಗೆಂದೇ ತೆಗೆದಿಟ್ಟಿದ್ದಾನೆ, ಅವನಿಗೋ ಅದರ ವಾಸನೆ ಎಂದರೆ ನಾಚಿಕೆ. ನಮ್ಮ ಕುರಿ ಯಾವುದು, ಮಂದಿಯ ಕುರಿ ಯಾವುದು ಎಂಬುದೂ ಅವನಿಗೆ ತಿಳಿಯದು. ಸಾಲಿ ಬಿಟ್ಟಾಗಿನಿಂದ ಹಿಂಡಿನ ಹಿಂದೆ ಹೋಗುವವಳು ನಾನು. ಆದರೂ ನಾಗನೂರಿನ ಅಲ್ಲಪ್ಪನ ಹೊಲಕ್ಕೆ ಹೋಗಿ ಕುರಿ ತರುಬಲೇ ಎಂದು ಕೇಳಿದರೆ, “ನಿಮ್ಮ ತಮ್ಮನ್ನ ಕಳಸವ್ವಾ, ಮಾತಾಡೂಣು” ಎಂಬ ಉತ್ತರ ಬರುತ್ತದೆ. ಕಂಬಳಿ ಇಲ್ಲದವಳ ಮಾತಿಗೆ ಬೆಲೆ ಎಲ್ಲಿಯದು? ನನಗೆ ಹೊಟ್ಟೆ ಉರಿಯುತ್ತದೆ ಸ್ವಾಮಿ, ಸುಳ್ಳೇಕೆ ಹೇಳಲಿ.

ಸಿದ್ರಾಯ ಸುಮ್ಮನಿರಬಹುದಿತ್ತು. ಪುಸ್ತಕದಲ್ಲಿದ್ದ ಸೂಚನೆ ಓದಿಕೊಂಡು, “ಅಪ್ಪಾ, ಅಕ್ಕ ಉಲ್ಟಾ ಓದ್ಯಾಳ!” ಎಂದು ಕುಣಿದ. ಸರಿ, ತಿರುಗಿಸಿ ಓದಿದೆ. ಅಳುವ ಹುಡುಗ ಕಂಬಳಿ ಸಿಕ್ಕ ಮೇಲೆ ಮುಗಿಲಿಗೆ ಹಾರಿದ. ಅಪ್ಪ ತೊಡೆ ತಟ್ಟಿಕೊಂಡು, “ನಾ ಹೇಳಿದ್ದ ಖರೆ ಆತಿಲ್ಲೋ? ಹೊಚ್ಚಿಕೊಂಡಮ್ಯಾಲ ಮಗಾ ಶಾಣ್ಯಾ ಆದ” ಎಂದವನೇ ಅಜ್ಜನ ಕಂಬಳಿ ತಂದು ಸಿದ್ರಾಯನ ಹೆಗಲಿಗೆ ಹಾಕಿಬಿಟ್ಟ. ಯಾವ ಕಡೆಯಿಂದ ಓದಿದರೂ ಗಂಡುಮಗನಿಗೇ ಲಾಭವಾಗುವ ಇಂಥ ಪುಸ್ತಕವನ್ನು ರಚಿಸಿದ ತಮ್ಮವರ ಜಾಣ್ಮೆಗೆ ನನ್ನ ಅನಂತ ವಂದನೆಗಳು.

ಶಾಣ್ಯಾ ಆದ ನನ್ನ ತಮ್ಮ ಏನು ಮಾಡಿದ? ತಮ್ಮಂತೆಯೇ ಕೊರಳಿಗೆ ಗಂಟು ಹಾಕಿಕೊಂಡು, ಗೆಳೆಯನ ಮೋಟಾರ್ ಸೈಕಲ್ ಏರಿ ಹಿಡಕಲ್ ಡ್ಯಾಮಿಗೆ ಹಾರಿದ. ಕಂಬಳಿಯ ಅಂಚು ಚೈನಿಗೆ ಸಿಕ್ಕಿತು. ಮೊಳಕಾಲು ತರಚಿಕೊಂಡು ಬಂದವನು ಅದನ್ನು ಗೂಟಕ್ಕೆ ನೇತುಹಾಕಿ ಮತ್ತೆ ಮುಟ್ಟಲಿಲ್ಲ. ಹರಿದದ್ದನ್ನು ಹೊಲಿದವಳು ಯಾರೆಂದು ತಾವು ಊಹಿಸಬಲ್ಲಿರಿ.

ಆದ್ದರಿಂದ ಎರಡನೆಯ ಪುಸ್ತಕದಲ್ಲಿ ತಾವು ದಯಮಾಡಿ ಮಳೆಯಲ್ಲಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹೊದೆಯಬೇಕು. ರಾಕ್ಷಸರ ಕಾಟ ಕಡಿಮೆಯಾದ ದಿನ ಇತ್ತ ಬಂದು, ಕಬ್ಬಿಗೆ ನುಗ್ಗಿದ ನಮ್ಮ ಟಗರನ್ನು ಹೊರಗೆಳೆದು, ಆ ಕಬ್ಬಿನ ಒಡೆಯರಾದ ಕೊಣ್ಣೂರಿನ ಬಾಪುಸಾಹೇಬರ ಬೈಗುಳವನ್ನು ತಲೆ ತಗ್ಗಿಸಿ ಕೇಳಬೇಕು; ಆಗ ತಮ್ಮ ಶೌರ್ಯವನ್ನು ನಾನು ಒಪ್ಪುತ್ತೇನೆ. ಇನ್ನು, ತಮ್ಮ ಪುಸ್ತಕದಲ್ಲಿ ‘ಕಾಪಾಡಿ’ ಎಂದು ಕಿರುಚುವುದಕ್ಕಾಗಿಯೇ ಒಬ್ಬ ಹುಡುಗಿಯನ್ನು ಇಟ್ಟುಕೊಂಡಿದ್ದೀರಿ. ಆಕೆಯ ಗಂಟಲು ನೋಯುತ್ತಿರಬೇಕು. ಒಂದೇ ಒಂದು ಸಲ ಕಂಬಳಿಯನ್ನು ಆಕೆಗೆ ಕೊಟ್ಟು, ತಾವು ಕಿರುಚಿ ನೋಡಬೇಕಾಗಿ ವಿನಂತಿ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಶೈಲಾ ಬೀರಸಿದ್ದಪ್ಪ

ತಾ.ಕ.: ತಮ್ಮ ಉತ್ತರಕ್ಕೆ ಕಾಯಲು ಆಗಲಿಲ್ಲ, ಕ್ಷಮಿಸಬೇಕು. ಇಂದು ಮುಂಜಾನೆ ಮಳೆ ಹಿಡಿಯಿತು, ಗೂಟದ ಮೇಲಿದ್ದ ಅಜ್ಜನ ಕಂಬಳಿ ಹೊದ್ದು ಹಿಂಡು ಬಿಟ್ಟೆ. “ಯಾರ ಕೊಟ್ಟರ ನಿನಗದನ್ನ?” ಎಂದು ಅಪ್ಪ ಬಾಗಿಲಲ್ಲಿ ನಿಂತು ಕೂಗಿದ. ಯಾರೂ ಕೊಡಲಿಲ್ಲ, ನಾನೇ ತೆಗೆದುಕೊಂಡೆ. ಕುರಿಗಳು ಏನನ್ನೂ ಕೇಳಲಿಲ್ಲ, ನನ್ನ ಹಿಂದೆ ಬಂದವು.