ನೀಲಗಿರಿ ಹನಿ ಮತ್ತು ಶಿವಪುತ್ರನ ಮಗಳು

ಊರಿಗೆ ಹೊರಡುವ ಹೊತ್ತಿಗೇ ನೆಗಡಿ ಬರಬೇಕೆ? ಘಾಟ್ಕೋಪರಿನ ಕಾಲೇಜೊಂದರ ಲ್ಯಾಬ್ ಸಹಾಯಕ ಶಿವಪುತ್ರನಿಗೆ ಬಂತು. ನಾಳೆ ರಾತ್ರಿ ವಿಜಯಪುರದ ರೈಲು. ಅವನಿನ್ನೂ ಮುಖ ನೋಡಿರದ ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ.

ಲ್ಯಾಬಿನಲ್ಲಿ ಸಂಶೋಧನೆ ನಡೆಸುವ ಉಡುಪಿ ಕಡೆಯ ನಿಶ್ಮಿತಾ ಮೇಡಂ ಖಂಡಿತವಾಗಿ ಹೇಳಿದ್ದರು. "ನೀಲಗಿರಿ ಎಲೆ ಸಾರದ ಕೊನೆಯ ಪರೀಕ್ಷೆ ಇದು. ಬೆಳಿಗ್ಗೆ ಸರಿ ಬಂದ್ರೆ ನೀವು ಊರಿಗೆ ಹೋಗಿ."

ಹನ್ನೆರಡು ಗಾಜಿನ ತಟ್ಟೆಗಳಿಗೆ ಬ್ಯಾಕ್ಟೀರಿಯಾ ಸವರಿ, ಆರಕ್ಕೆ ಸಾರ, ಆರಕ್ಕೆ ಬರೀ ನೀರು ಹಾಕಿ ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆಯಲ್ಲಿಡಬೇಕು. ಸಾರದಲ್ಲಿ ಅವು ಸಾಯಬೇಕು, ನೀರಿನಲ್ಲಿ ಬೆಳೆಯಬೇಕು.

ಇಟ್ಟು ಹೊರಬಂದವನೇ ಸೀನಿದ. ವಾಚ್‌ಮನ್ ಅಣವೀರಪ್ಪ ಜೇಬಿನಿಂದ ನೀಲಗಿರಿ ಎಣ್ಣೆಯ ಸೀಸೆ ತೆಗೆದು ಅವನ ಕರವಸ್ತ್ರಕ್ಕೆ ನಾಲ್ಕು ಹನಿ ಹಾಕಿದ.

"ನಾಕ ಹನಿ ಯಾವ ಮೂಲಿಗೋ?" ಎಂದು ಕ್ಯಾಂಟೀನಿನ ಗಂಗುಬಾಯಿ ಸೀಸೆಯನ್ನೇ ಬಗ್ಗಿಸಿದಳು. "ಕೂಸಿಗಿ ಥಂಡಿ ಹಚ್ಚಬ್ಯಾಡ ತಮ್ಮಾ."

ಶಿವಪುತ್ರನ ಕಣ್ಣು ತುಂಬಿತು. ಅರ್ಧ ಎಣ್ಣೆಯ ಘಾಟಿಗೆ, ಅರ್ಧ ಅವರ ಅಂತಃಕರಣಕ್ಕೆ. "ಒಡಹುಟ್ಟಿದವರೂ ಇಷ್ಟ ಮಾಡೂದಿಲ್ಲ ಅಕ್ಕಾ," ಎಂದ.

ಸಂಜೆ ಹೊರಗೆ ಜಡಿಮಳೆ. ಎಣ್ಣೆಯಿಂದ ತೊಯ್ದ ಕರವಸ್ತ್ರ ಒಣಗುವುದೆಲ್ಲಿ? ಇಡೀ ಲ್ಯಾಬಿಗೆ ಬೆಚ್ಚನೆಯ ಜಾಗವೆಂದರೆ ಒಂದೇ. ತಟ್ಟೆಗಳ ಪಕ್ಕದಲ್ಲಿ ಅದನ್ನು ಹರವಿ, ಬಾಗಿಲು ಹಾಕಿ, ದಹಿಸರ್‌ನ ಖೋಲಿಗೆ ಹೋಗಿ ನಿಶ್ಚಿಂತೆಯಿಂದ ಮಲಗಿದ.

ಬೆಳಿಗ್ಗೆ ಮೇಡಂ ಪೆಟ್ಟಿಗೆ ತೆರೆದರು. ಸಾರದ ತಟ್ಟೆಗಳು ಸ್ವಚ್ಛವಾಗಿದ್ದವು. ನೀರಿನವೂ ಅಷ್ಟೇ ಸ್ವಚ್ಛ.

"ಎಂತ ಶಿವಪುತ್ರ ಇದು? ನೀರಿಗೆ ಯಾಕೆ ಸತ್ತವು?"

ಅಷ್ಟರಲ್ಲಿ ಕರವಸ್ತ್ರ ಕಂಡಿತು. ಶಿವಪುತ್ರ ತಟ್ಟನೆ ಅದನ್ನು ಹೊರಗೆಳೆದ. "ತಪ್ಪಾತ್ರಿ ಮೇಡಂ. ಎಣ್ಣಿ ಅರಿವಿರಿ, ಒಣಗಲಿ ಅಂತ ಇಟ್ಟಿದ್ದೆ."

ಮೇಡಂ ಅದನ್ನು ಮೂಸಿ ನಕ್ಕರು. "ಹಾಗಾದ್ರೆ ಎಣ್ಣೆ ತಾಗುವುದೇ ಬೇಡ, ಆವಿಯೇ ಸಾಕು. ಇದು ನನಗೆ ಹೊಳೆದೇ ಇರ್ಲಿಲ್ಲ ಮಾರಾಯ್ರೆ. ನಿಮ್ಮ ಉಪಕಾರ ಮರೆಯುವುದಿಲ್ಲ. ಪ್ರಬಂಧದಲ್ಲಿ ನಿಮ್ಮ ಹೆಸರೂ ಹಾಕ್ತೇನೆ."

ಶಿವಪುತ್ರ ಕೈಮುಗಿದ. "ದೊಡ್ಡ ಮನಸ್ಸರಿ ನಿಮ್ದು. ಹಂಗಾದ್ರ ರಾತ್ರಿ ರೈಲಿಗೆ..."

"ಎಂತ ರೈಲು? ಇನ್ನು ಮೂರು ಸಲ ಹೀಗೆಯೇ ಬರ್ಬೇಕು, ಇಲ್ಲಾಂದ್ರೆ ಯಾರೂ ನಂಬುವುದಿಲ್ಲ. ಅದೇ ವಸ್ತ್ರ, ಅದೇ ಕೈ. ನೀವಿಲ್ಲದೆ ಆಗುವುದಿಲ್ಲ."

ಅವನು ಹೆಂಡತಿ ಶಿವಕುಮಾರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಮಗಳಿಗೆ ಹೆಸರಿಡಾಕ ಬರ್ರಿ ಅಂದ್ರ, ನಿಮ್ಮ ಹೆಸರ ಹಾಕಿಸ್ಕೊಂಡು ಕುಂತ್ರೇನ್ರಿ?"

ಶಿವಪುತ್ರ ಉತ್ತರವಾಗಿ ಸೀನಿದ. ಪೆಟ್ಟಿಗೆಯಲ್ಲಿದ್ದದ್ದೆಲ್ಲ ಸತ್ತಿತ್ತು, ನೆಗಡಿಯೊಂದು ಉಳಿದಿತ್ತು.