ಕಾಕಾನ ಪ್ರೋಗ್ರಾಮ್ ನುಂಗಿದ ಮೊಳಕೆಗಳು

ನಮ್ಮ ಕಾಕಾ ಒಂದು ಹೊತ್ತಿಗೆ ಒಂದೇ ಕೆಲಸ ಮಾಡಿದ್ದನ್ನು ಯಾರಾದರೂ ನೋಡಿದ್ದರೆ ಮುಂದೆ ಬರಲಿ, ಅವರ ಕೊರಳಿಗೆ ಬ್ಯಾಡಗಿ ಮೆಣಸಿನಕಾಯಿಯ ಹಾರ ಹಾಕುತ್ತೇನೆ! ಆತ ನಮ್ಮಪ್ಪನ ತಮ್ಮ. ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಬರೆದುಕೊಡುವ ಒಂದು ಕೋಣೆಯ ಆಫೀಸು ಇಟ್ಟಿದ್ದ. ಮೊಬೈಲು ಆಗಷ್ಟೇ ಎಲ್ಲರ ಕಿಸೆಗೆ ಬಂದಿದ್ದ ಕಾಲ. ಕಾಕಾನಿಗಂತೂ ಮೂರನೇ ಕೈ ಬಂದ ಹಾಗಾಯಿತು.

ಒಮ್ಮೆ ಮೊಬೈಲನ್ನು ಭುಜಕ್ಕೊತ್ತಿ ಮಾತಾಡುತ್ತ, ಕಾಲಿನಿಂದ ಚಪ್ಪಲಿ ಹುಡುಕುತ್ತ, ದಾಡಿ ಮಾಡಿಕೊಂಡ. ಬಲಗಡೆಯ ಮೀಸೆ ಹೋಯಿತು, ಎಡಗಡೆಯದು ಉಳಿಯಿತು. ಅದು ಗೊತ್ತಾಗದೇ ಬಸ್ಸು ಹತ್ತಿ ಬ್ಯಾಡಗಿಗೂ ಹೋದ! ಅಲ್ಲಿ ಗಿರಾಕಿಯೊಬ್ಬರು ಭಕ್ತಿಯಿಂದ ಕೇಳಿದರಂತೆ: "ಏನ್ರಿ ಸರ, ಕದರಮಂಡಲಗಿ ಹಣಮಪ್ಪಗ ಹರಕಿ ಹೊತ್ತೀರೇನು?"

ಕಾಕಾ ಮೀಸೆ ಮುಟ್ಟಿ ನೋಡಿಕೊಂಡ. "ಹೌದ್ರಿ. ಸದ್ಯಕ್ಕ ಅರ್ಧ ಕೆಲಸ ಆಗೇತಿ!"

ಇನ್ನೊಂದು ಮುಂಜಾನೆ ಬಾಗಿಲಲ್ಲಿ ಕಾಯಿಪಲ್ಲೆ ಮಾರುವ ಅಜ್ಜಿ, ಕಿವಿಯಲ್ಲಿ ಗಿರಾಕಿ. ಕಾಕಾ ಫೋನಿಗೆ, "ಎಳೀವು ನೋಡಿ ಒಂದು ಕಿಲೋ ಹಾಕ್ರಿ" ಎಂದ. ಅಜ್ಜಿಗೆ, "ಒಮ್ಮೆ ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ" ಎಂದ. ಅಜ್ಜಿ ಕಂಗಾಲಾಗಿ ಕೇಳಿದಳು: "ಏನು ಬಂದ್ ಮಾಡ್ಲೋ ಯಪ್ಪಾ? ಬಾಯಿನ?"

ಇಂಥವನ ಪ್ರೋಗ್ರಾಮ್ ಹೇಗಿರಬೇಕು ಹೇಳಿ! ಊರಿನ ಒಂದು ಬೀಜದ ಕಂಪನಿಗೆ ಅವನು ಬರೆದುಕೊಟ್ಟದ್ದೂ ಹಾಗೇ ಇತ್ತು. ಅಲ್ಲಿ ಒಂದೊಂದು ತಟ್ಟೆಯಲ್ಲಿ ನೂರು ಬೀಜ ಇಟ್ಟು, ಎಷ್ಟು ಮೊಳೆತವು ಎಂದು ಎಣಿಸುತ್ತಾರೆ. ಎಣಿಕೆ ಟೈಪ್ ಮಾಡುವವಳು ಕುಪ್ಪೇಲೂರಿನಿಂದ ಬರುತ್ತಿದ್ದ ಶಾಂತವ್ವ. ಅದೇ ಕಂಪ್ಯೂಟರಿಗೆ ಬೀಜದ ಚೀಲ ತೂಗುವ ಯಂತ್ರವನ್ನೂ ಜೋಡಿಸಿದ್ದರು. ಎಣಿಕೆಯನ್ನು ಪ್ರೋಗ್ರಾಮಿನ ಒಂದು ಥ್ರೆಡ್, ಅಂದರೆ ಒಂದು ಎಳೆ, ಬರೆದುಕೊಳ್ಳುತ್ತಿತ್ತು; ತೂಕವನ್ನು ಇನ್ನೊಂದು, ತೂಕ ತಪ್ಪಿದರೆ ರದ್ದು ಮಾಡಲೂ ಬರುತ್ತಿತ್ತು. ಎರಡೂ ಏಕಕಾಲಕ್ಕೆ! ಮಾಹಿತಿ ಇಡಲು ಬೇರೆ ಸರ್ವರ್ ಇಲ್ಲ. ಡೇಟಾಬೇಸು ಪ್ರೋಗ್ರಾಮಿನ ಹೊಟ್ಟೆಯಲ್ಲೇ, ಎಲ್ಲ ಒಂದೇ ಫೈಲಿನಲ್ಲಿ.

ಮುಂಗಾರಿನ ಮುಂಚೆ, ಬೀಜದ ಚೀಲ ಹೊರಬೀಳುವ ಗಡಿಬಿಡಿಯಲ್ಲಿ, ಒಂಬತ್ತು ತಟ್ಟೆಗಳ ಎಣಿಕೆ ಮಾಯವಾಯಿತು. ತಟ್ಟೆಗಳನ್ನು ತೊಳೆದಾಗಿತ್ತು. ಹೊಸದಾಗಿ ಮೊಳಕೆ ಬರಿಸಲು ಮತ್ತೆ ವಾರ ಬೇಕು.

"ಎಣಿಸೇ ಇಲ್ಲ ಈಕಿ," ಎಂದರು ಮ್ಯಾನೇಜರು.

"ಎಣಿಸೀನ್ರಿ ಸರ. 'ಉಳಿಸಿದೆ' ಅಂತ ಪರದೆ ಮ್ಯಾಲ ಬಂದಿತ್ರಿ," ಎಂದಳು ಶಾಂತವ್ವ.

ಕಾಕಾನೂ ಎದೆ ಸೆಟೆಸಿ, "ನನ್ನ ಪ್ರೋಗ್ರಾಮ್ ಏನು ನುಂಗೂದಿಲ್ರಿ" ಎಂದುಬಿಟ್ಟ. ನಾಳೆಯಿಂದ ಬರಬೇಡ ಎಂದು ಶಾಂತವ್ವನನ್ನು ಕಳಿಸಿದರು.

ನಾನಾಗ ಹಾವೇರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ರವಿವಾರ ಕಾಕಾ ಕರೆಸಿಕೊಂಡ. ಎದೆ ಸೆಟೆಸಿದ್ದನೇ ಹೊರತು ಎರಡು ದಿನದಿಂದ ಊಟ ಸೇರಿರಲಿಲ್ಲವಂತೆ. ಅವನ ಆಫೀಸಿನಲ್ಲಿ ಕೂತು ನಾನು ಎಣಿಕೆ ಟೈಪ್ ಮಾಡುತ್ತ ಹೋದೆ. ಕಾಕಾ ತೂಕ ಶುರು ಮಾಡಿ ರದ್ದು ಮಾಡುತ್ತ ಹೋದ. ಹತ್ತು ಸಲ ಏನೂ ಆಗಲಿಲ್ಲ. ಹನ್ನೊಂದನೆಯ ಸಲ, 'ಉಳಿಸಿದೆ' ಎಂದು ಬಂದ ನನ್ನ ಎಣಿಕೆ ಕಣ್ಣೆದುರೇ ಹಾರಿಹೋಯಿತು!

ನನಗೆ ಹೊಳೆಯಿತು. "ಕಾಕಾ, ಎರಡೂ ಥ್ರೆಡ್ಡಿಗೆ ಡೇಟಾಬೇಸಿನ ಒಂದೇ ಕನೆಕ್ಷನ್ ಕೊಟ್ಟೀಯೇನು?"

"ಹೂಂ. ಯಾಕ?"

"ತೂಕ ಮುಗಿಯೂದ್ರೊಳಗ ನಾ ಬರದದ್ದೂ ಅದರ ಜೋಡಿನ ಸೇರೇತಿ. ನೀ ತೂಕ ರದ್ದು ಮಾಡಿದಾಗ ನಂದೂ ರದ್ದಾತು. ಎರಡಕ್ಕೂ ಬ್ಯಾರೆ ಬ್ಯಾರೆ ಕನೆಕ್ಷನ್ ಬೇಕು, ಒಂದು ಬರಿಯೂದು ಮುಗಿಯೂತನಕ ಇನ್ನೊಂದು ಕಾಯಬೇಕು. ಡೇಟಾಬೇಸಿನ ಪುಸ್ತಕದಾಗ ದಪ್ಪ ಅಕ್ಷರದಾಗ ಐತಲ್ಲ, ಓದಿಲ್ಲೇನು?"

"ಓದೀನಲ್ಲ!" ಕಾಕಾನ ದನಿ ಇಳಿಯಿತು. "ಊಟ ಮಾಡ್ತ, ಫೋನಿನ್ಯಾಗ ಮಾತಾಡ್ತ ಓದೀನಿ."

ಮಧ್ಯಾಹ್ನದೊಳಗೆ ಸರಿಪಡಿಸಿದೆವು. ನೂರು ಸಲ ಪರೀಕ್ಷಿಸಿದರೂ ಒಂದು ಎಣಿಕೆ ಅಲುಗಲಿಲ್ಲ. ಆಗ ನಾನೇ ಒಂದು ಸಣ್ಣ ಮಾತು ಆಡಿದೆ, ಈಗಲೂ ನಾಚಿಕೆಯಾಗುತ್ತದೆ: "ಸುಮ್ನ ಸರಿಮಾಡಿದ ಪ್ರೋಗ್ರಾಮ್ ಹಾಕಿ ಬಾ ಕಾಕಾ. ಯಾರಿಗೆ ಗೊತ್ತಾಗತೈತಿ?"

ಕಾಕಾ ನನ್ನನ್ನೇ ನೋಡಿದ. ಎದ್ದು ಸೀದಾ ಮ್ಯಾನೇಜರ ಮನೆಗೆ ಹೋಗಿ ಎಲ್ಲ ಹೇಳಿದ. ಅವರು ಬೈದರು, ಆಮೇಲೆ, "ಆತು, ನಾಳಿಂದ ಬಾ ಅಂತ ಆಕಿಗೆ ಹೇಳಿ ಕಳಸ್ತೀನಿ" ಎಂದರು.

"ಹೇಳಿ ಕಳಸೂದು ಬ್ಯಾಡ್ರಿ, ನಾನ ಹೋಗ್ತೀನಿ," ಎಂದು ನನ್ನನ್ನೂ ಎಳೆದುಕೊಂಡು ಕುಪ್ಪೇಲೂರಿನ ಬಸ್ಸು ಹತ್ತಿದ.

ಶಾಂತವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು, ಕುಂದ್ರಿ ಅನ್ನಲಿಲ್ಲ. ಕಾಕಾ ಕೈ ಮುಗಿದ.

"ತಂಗಿ, ನೀ ಎಣಿಸಿ ಬರದಿಟ್ಟಿದ್ದಿ. ಅಳಿಸಿದ್ದು ನನ್ನ ಪ್ರೋಗ್ರಾಮು. ತಪ್ಪು ನಂದು."

ಅವಳು ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. "ಮನ್ಯಾಗೂ ನನ್ನ ಮಾತು ಯಾರೂ ನಂಬಲಿಲ್ರಿ ಅಣ್ಣಾರ," ಎಂದು ಬಾಗಿಲಲ್ಲಿ ಕೂತಿದ್ದ ಅತ್ತೆಯ ಕಡೆ ನೋಡಿದಳು. "ಇನ್ನೊಮ್ಮೆ ಹೇಳ್ರಿ. ಅತ್ತೀ ಕಿವಿ ಮಂದ ಅದಾವ."

ಕಾಕಾ ಆ ಮುದಿ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಜೋರಾಗಿ ಹೇಳಿದ. ಅಜ್ಜಿ ಕಿವಿಗೆ ಕೈ ಹಚ್ಚಿ, "ಏನಂತ?" ಎಂದಳು. ಅಕ್ಕಪಕ್ಕದವರು ಹೊರಬಂದರು. ಕಾಕಾ ಇಡೀ ಓಣಿಗೆ ಕೇಳುವಂತೆ ಕೂಗಿದ: "ನಿಮ್ಮ ಸೊಸಿ ಸುಳ್ಳು ಹೇಳಿಲ್ಲಬೇ! ತಪ್ಪು ನಂದು!"

ಅಜ್ಜಿಗೆ ಈ ಸಲ ಕೇಳಿಸಿತು. ಅವಳು ಕೈ ಚಾಚಿ ಸೊಸೆಯನ್ನು ಹತ್ತಿರ ಕರೆದಳು.